ನೌಕರಿ ಒಲ್ಲೆ ಎಂದ ಆಟಗಾರ: ಹೈದರಾಬಾದಿನ ಮೊಹಮ್ಮದ್ ಹಬೀಬ್

1977ರ ಸೆಪ್ಟೆಂಬರ್ 24ರಂದು ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಪೆಲೆ ಆಡಿದ. ನ್ಯೂಯಾರ್ಕಿನ ಕಾಸ್ಮೋಸ್ ತಂಡದ ಜೊತೆ ಬಂದಿದ್ದ ಅವನ ವೃತ್ತಿಜೀವನದ ಕೊನೆಯ ದಿನಗಳವು. ಇನ್ನೊಂದು ವಾರಕ್ಕೆ, ಅಕ್ಟೋಬರ್ 1ರಂದು, ನ್ಯೂಜೆರ್ಸಿಯಲ್ಲಿ ಅವನ ವಿದಾಯದ ಪಂದ್ಯ. ಮಳೆಯಿಂದ ಮೈದಾನ ಕೆಸರಾಗಿತ್ತು. ಎದುರಾಳಿ ಮೋಹನ್ ಬಗಾನ್. ಬ್ರೆಜಿಲ್ಲಿಗೆ ವಿಶ್ವಕಪ್ ಗೆದ್ದುಕೊಟ್ಟ ನಾಯಕ ಕಾರ್ಲೋಸ್ ಅಲ್ಬರ್ಟೊ ಮೊದಲ ಗೋಲು ಹೊಡೆದ. ಶ್ಯಾಮ್ ಥಾಪಾ ಕೂಡಲೇ ಸಮ ಮಾಡಿದ. ಆಮೇಲೆ ಮೋಹನ್ ಬಗಾನ್ 2-1ರಿಂದ ಮುಂದೆ ಹೋಯಿತು. ಕೊನೆಗೆ ಇಟಲಿಯ ಜಾರ್ಜಿಯೊ ಕಿನಾಲ್ಯ ಪೆನಾಲ್ಟಿಯಲ್ಲಿ ಹೊಡೆದ ಗೋಲಿನಿಂದ ಕಾಸ್ಮೋಸ್ ಮಾನ ಉಳಿಸಿಕೊಂಡಿತು. ಪಂದ್ಯ 2-2ರಲ್ಲಿ ಮುಗಿಯಿತು.

ಆ ಎರಡನೆಯ ಗೋಲು ಹೊಡೆದವನು ಹೈದರಾಬಾದಿನ ಮೊಹಮ್ಮದ್ ಹಬೀಬ್. ಆಗ ಅವನಿಗೆ ಇಪ್ಪತ್ತೆಂಟು ವರ್ಷ. ಕೋಲ್ಕತ್ತಕ್ಕೆ ಬಂದು ಹನ್ನೊಂದು ವರ್ಷವಾಗಿತ್ತು. ಅಷ್ಟರಲ್ಲಿ ಆ ಊರಿನ ಮೂರೂ ದೊಡ್ಡ ಕ್ಲಬ್ಬುಗಳ ಅಂಗಿ ತೊಟ್ಟು ಆಡಿದ್ದ. ಆ ಸಂಜೆ ಮೈದಾನದಲ್ಲಿದ್ದ ಕಾಸ್ಮೋಸ್ ಆಟಗಾರರಿಗೆಲ್ಲ ಫುಟ್‌ಬಾಲೇ ಕಸುಬು. ಎದುರಿಗಿದ್ದ ಭಾರತದ ಆಟಗಾರರು ಕಾಗದದ ಮೇಲೆ ಹವ್ಯಾಸಿಗಳು. ಆ ಕಾಲದಲ್ಲಿ ಇಲ್ಲಿ ಫುಟ್‌ಬಾಲ್ ಆಡುವವನಿಗೆ ಬ್ಯಾಂಕಿನಲ್ಲೋ ರೈಲ್ವೆಯಲ್ಲೋ ಪೊಲೀಸ್ ಇಲಾಖೆಯಲ್ಲೋ ಒಂದು ಕೆಲಸವಿರಬೇಕು. ಆಟ ಅದರ ಜೊತೆಗೆ ನಡೆಯಬೇಕು. ಹಬೀಬನಿಗೂ ಅಂಥ ನೌಕರಿಗಳು ಬಂದವು. ಆತ ಒಲ್ಲೆ ಎಂದ. ಆಟವೊಂದನ್ನೇ ನಂಬಿ ಬದುಕುತ್ತೇನೆ ಎಂದು ಹೊರಟ. ಭಾರತದ ಮೊದಲ ನಿಜವಾದ ವೃತ್ತಿಪರ ಫುಟ್‌ಬಾಲಿಗ ಎಂದು ಅವನನ್ನು ಕರೆಯುವುದು ಇದಕ್ಕೇ.

ಇಂದು ಇದು ದೊಡ್ಡ ಮಾತಾಗಿ ಕಾಣದಿರಬಹುದು. ಆದರೆ ವೃತ್ತಿಪರ ಫುಟ್‌ಬಾಲ್ ಎಂಬ ವ್ಯವಸ್ಥೆಯೇ ಇಲ್ಲದ ದೇಶದಲ್ಲಿ ಒಬ್ಬ ತಾನೊಬ್ಬನೇ ವೃತ್ತಿಪರನಾಗುತ್ತೇನೆ ಎಂದು ಹೊರಟರೆ ಏನಾಗುತ್ತದೆ? ಅವನ ಏಳುಬೀಳುಗಳನ್ನು ಹಿಡಿದು ಹೊರಟರೆ ಹೈದರಾಬಾದ್ ಎಂಬ ಫುಟ್‌ಬಾಲ್ ನಗರದ ಕತೆಯೂ ಸಿಗುತ್ತದೆ, ಆಟಗಾರನಿಗೆ ದುಡ್ಡು ಕೊಡಲು ನಮ್ಮ ದೇಶ ಎಷ್ಟು ಮುಜುಗರಪಟ್ಟುಕೊಂಡಿತು ಎಂಬುದರ ಕತೆಯೂ ಸಿಗುತ್ತದೆ.

ಪೊಲೀಸರ ತಂಡ, ಮೇಷ್ಟ್ರ ಪಾಠ

ಭಾರತಕ್ಕೆ ಫುಟ್‌ಬಾಲ್ ತಂದವರು ಬ್ರಿಟಿಷ್ ಪಲ್ಟನ್ನುಗಳು. ಅವರಲ್ಲಿ ಸ್ಕಾಟ್ಲೆಂಡಿನವರದು ದೊಡ್ಡ ಪಾಲು. 1888ರ ಮೊದಲ ಡ್ಯುರಾಂಡ್ ಕಪ್ ಗೆದ್ದದ್ದು ರಾಯಲ್ ಸ್ಕಾಟ್ಸ್ ಫ್ಯೂಸಿಲಿಯರ್ಸ್. ಸೋತದ್ದು ಇನ್ನೊಂದು ಸ್ಕಾಟಿಷ್ ಪಲ್ಟನ್ನಾದ ಹೈಲ್ಯಾಂಡ್ ಲೈಟ್ ಇನ್‌ಫ್ಯಾಂಟ್ರಿ. ದಂಡು ಇದ್ದಲ್ಲಿ ಫುಟ್‌ಬಾಲ್ ಬೇರೂರಿತು. ಬೆಂಗಳೂರಿನ ದಂಡು ಪ್ರದೇಶ ಮತ್ತು ಸಿಕಂದರಾಬಾದ್ ಎರಡೂ ಹಾಗೆ ಬೆಳೆದ ಊರುಗಳೇ. ಮುಂಬಯಿಯ ರೋವರ್ಸ್ ಕಪ್ಪನ್ನು ಮೊದಲು ಗೆದ್ದ ಭಾರತೀಯ ತಂಡ 1937ರ ಬೆಂಗಳೂರು ಮುಸ್ಲಿಮ್ಸ್.

ಹೈದರಾಬಾದಿನ ಹೆಸರು ಅದರ ಬೆನ್ನಿಗೇ ಕೇಳಿಬಂತು. ಅಲ್ಲಿ ಆಟ ಕಟ್ಟಿದ್ದು ಸಿಟಿ ಪೊಲೀಸ್ ತಂಡ. 1943ರಲ್ಲಿ ಬೆಂಗಳೂರಿನ ಆಶ್ ಗೋಲ್ಡ್ ಕಪ್ಪಿನ ಫೈನಲ್ಲಿನಲ್ಲಿ ಆ ತಂಡ ಬ್ರಿಟಿಷ್ ವಾಯುಪಡೆಯ ತಂಡವನ್ನು ಸೋಲಿಸಿತು. ಸೋತ ತಂಡದಲ್ಲಿ ಇಂಗ್ಲೆಂಡಿನ ಕ್ರಿಕೆಟಿಗ, ಆರ್ಸೆನಲ್ಲಿನ ಫುಟ್‌ಬಾಲಿಗ ಡೆನಿಸ್ ಕಾಂಪ್ಟನ್ ಕೂಡ ಇದ್ದ. ದೇಶಕ್ಕೆಲ್ಲ ಹೈದರಾಬಾದಿನ ಪೊಲೀಸರ ಆಟದ ಸುದ್ದಿ ಮುಟ್ಟಿದ್ದು ಬೆಂಗಳೂರಿನ ಆ ಗೆಲುವಿನಿಂದ.

ಅದೇ 1943ರಲ್ಲಿ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದವರು ಸಯ್ಯದ್ ಅಬ್ದುಲ್ ರಹೀಮ್. ಶಾಲಾ ಮೇಷ್ಟ್ರು. ರಹೀಮ್ ಸಾಹೇಬರು 1950ರಲ್ಲಿ ಸಿಟಿ ಪೊಲೀಸ್ ತಂಡದ ತರಬೇತಿ ಹೊಣೆ ಹೊತ್ತರು. 1950ರಿಂದ 1954ರವರೆಗೆ ಸತತ ಐದು ವರ್ಷ ರೋವರ್ಸ್ ಕಪ್ ಅವರ ತಂಡದ್ದಾಯಿತು. 1950ರಿಂದ 1961ರ ಒಳಗೆ ಡ್ಯುರಾಂಡ್ ಕಪ್ ನಾಲ್ಕು ಸಲ ಹೈದರಾಬಾದಿಗೆ ಬಂತು. 1956-57 ಮತ್ತು 1957-58ರಲ್ಲಿ ಸಂತೋಷ್ ಟ್ರೋಫಿಯೂ ಹೈದರಾಬಾದಿನದೇ.

ರಹೀಮ್ ಸಾಹೇಬರ ಪಾಠ ಸರಳ. ಚೆಂಡನ್ನು ಕಾಲಿನಲ್ಲಿ ಇಟ್ಟುಕೊಂಡು ಮೆರೆಯಬೇಡ, ಮುಟ್ಟಿದ ಕೂಡಲೇ ದಾಟಿಸು. ಹುಡುಗರಿಗಾಗಿ ಅವರು ಡ್ರಿಬಲ್ ಮಾಡುವಂತಿಲ್ಲ ಎಂಬ ನಿಯಮದ ಪಂದ್ಯಾವಳಿಗಳನ್ನೇ ನಡೆಸಿದರು. ಎರಡೂ ಕಾಲಿನಲ್ಲಿ ಒದೆಯಲು ಬಾರದವನು ಅವರ ಕಣ್ಣಿಗೆ ಅರ್ಧ ಆಟಗಾರ. ಹೀಗೆ ಹತ್ತಾರು ಮೈದಾನಗಳಲ್ಲಿ ಒಂದು ತಲೆಮಾರು ಪಾಸು ಕೊಡುವುದನ್ನೇ ಆಟ ಎಂದು ಕಲಿಯಿತು. 1951ರ ದೆಹಲಿ, 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟಗಳಲ್ಲಿ ಭಾರತ ಚಿನ್ನ ಗೆದ್ದದ್ದು, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನಕ್ಕೆ ಬಂದದ್ದು ಇದೇ ಮೇಷ್ಟ್ರ ಕೈಯಲ್ಲಿ. ಜಕಾರ್ತಾ ಗೆಲುವಿನ ಹೊತ್ತಿಗೆ ಅವರಿಗೆ ಶ್ವಾಸಕೋಶದ ಕ್ಯಾನ್ಸರ್ ಹತ್ತಿತ್ತು. 1963ರ ಜೂನ್ 11ರಂದು ತೀರಿಕೊಂಡರು.

ಹಬೀಬ್ ಹುಟ್ಟಿದ್ದು 1949ರ ಜುಲೈ 17ರಂದು. ರಹೀಮ್ ಸಾಹೇಬರು ಹೋದಾಗ ಅವನಿಗೆ ಹದಿನಾಲ್ಕು ತುಂಬಿರಲಿಲ್ಲ. ಆದರೆ ಅವನು ಆಡಿ ಬೆಳೆದ ಮೈದಾನಗಳಲ್ಲಿ ಅವರ ಪಾಠ ಬಳಕೆಯಲ್ಲಿತ್ತು. ಮನೆಯೂ ಫುಟ್‌ಬಾಲಿನ ಮನೆ. ಅಣ್ಣತಮ್ಮಂದಿರಲ್ಲಿ ಹಲವರು ಆಟಗಾರರು. ಕಿರಿಯನಾದ ಅಕ್ಬರ್ ಮುಂದೆ ಅಣ್ಣನಷ್ಟೇ ಹೆಸರು ಮಾಡಿದ.

ದಕ್ಷಿಣದವರ ದಾರಿ

ಹೈದರಾಬಾದ್ ಆಟಗಾರರನ್ನು ಬೆಳೆಸಿತು, ಆದರೆ ಉಳಿಸಿಕೊಳ್ಳುವುದು ಅದರ ಕೈಲಾಗಲಿಲ್ಲ. ಪೊಲೀಸ್ ತಂಡದಲ್ಲಿ ಆಡಿದರೆ ಪೊಲೀಸ್ ಸಂಬಳ. ಸೈನ್ಯದ ತಂಡದಲ್ಲಾದರೆ ಸೈನ್ಯದ ಸಂಬಳ. ಬೆಂಗಳೂರಿನಲ್ಲೂ ಇದೇ ಲೆಕ್ಕ: ಎಚ್‌ಎಎಲ್, ಐಟಿಐ, ಎಲ್‌ಆರ್‌ಡಿಇ, ಎಂಇಜಿ. ಆಟ ಚೆನ್ನಾಗಿದ್ದರೆ ಕೆಲಸ, ಕೆಲಸ ಸಿಕ್ಕರೆ ಪಿಂಚಣಿ. ಬಡ ಮನೆಯ ಹುಡುಗನಿಗೆ ಇದು ಸಣ್ಣ ವಿಷಯವಲ್ಲ. ಅದಕ್ಕೂ ಮೀರಿದ ದುಡ್ಡು, ಹೆಸರು, ಲಕ್ಷ ಜನರ ಕೂಗು ಬೇಕೆಂದರೆ ಹೌರಾಕ್ಕೆ ರೈಲು ಹತ್ತಬೇಕು.

ಮೊದಲು ಹತ್ತಿದವರಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಒಬ್ಬರು. 1949ರಿಂದ ಕೆಲವು ವರ್ಷ ಈಸ್ಟ್ ಬೆಂಗಾಲ್ ಕ್ಲಬ್ಬಿನ ಮುಂಪಡೆಯಲ್ಲಿ ಆಡಿದ ಐವರನ್ನು ಬಂಗಾಳಿಗಳು ಪಂಚಪಾಂಡವರು ಎಂದರು: ಅಪ್ಪಾರಾವ್, ವೆಂಕಟೇಶ್, ಧನರಾಜ್, ಸಾಲೇ, ಅಹ್ಮದ್ ಖಾನ್. ಐವರೂ ದಕ್ಷಿಣದವರು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೋಸ್ಲಾವಿಯಾ ಎದುರು ಭಾರತ 1-10ರಿಂದ ಸೋತಾಗ ಆ ಒಂದು ಗೋಲು ಹೊಡೆದವರು ಅಹ್ಮದ್ ಖಾನ್.

ಅವರ ಹಿಂದೆ ಸಿಕಂದರಾಬಾದಿನ ಅಮ್ಮುಗೂಡದ ತುಳಸಿದಾಸ್ ಬಲರಾಮ್ ಹೋದರು. ಬಡ ತಮಿಳು ಕುಟುಂಬ. ಸಿಕಂದರಾಬಾದಿನಿಂದ ಹೈದರಾಬಾದಿಗೆ ಅಭ್ಯಾಸಕ್ಕೆ ಹೋಗಿಬರಲು ಕಾಸಿಲ್ಲ ಎಂದಾಗ ಬಾಡಿಗೆ ಸೈಕಲ್ಲಿಗೆ ರಹೀಮ್ ಸಾಹೇಬರೇ ದುಡ್ಡು ಕೊಟ್ಟದ್ದನ್ನು ಅವರು ಮುಂದೆ ನೆನೆಯುತ್ತಿದ್ದರು. ಬಲರಾಮ್ 1957ರಲ್ಲಿ ಈಸ್ಟ್ ಬೆಂಗಾಲ್ ಸೇರಿದರು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಹಂಗೇರಿಗೂ ಪೆರುವಿಗೂ ಗೋಲು ಹೊಡೆದರು. 1961ರಲ್ಲಿ ಅವರ ನಾಯಕತ್ವದಲ್ಲಿ ಈಸ್ಟ್ ಬೆಂಗಾಲ್ ಒಂಬತ್ತು ವರ್ಷಗಳ ನಂತರ ಕಲ್ಕತ್ತಾ ಲೀಗ್ ಗೆದ್ದಿತು. ಮರುವರ್ಷ ಏಷ್ಯನ್ ಚಿನ್ನ, ಅರ್ಜುನ ಪ್ರಶಸ್ತಿ. ಅದರ ಮರುವರ್ಷ, 1963ರಲ್ಲಿ, ಶ್ವಾಸಕೋಶದ ಕಾಯಿಲೆಯಿಂದ ಆಟ ನಿಂತಿತು. ಇನ್ನೂ ಇಪ್ಪತ್ತೇಳರ ಆಸುಪಾಸು. ಅವರ ಕೈ ಹಿಡಿದದ್ದು ರೈಲ್ವೆಯ ನೌಕರಿ. ಪಿ.ಕೆ. ಬ್ಯಾನರ್ಜಿ, ಚುನಿ ಗೋಸ್ವಾಮಿ, ಬಲರಾಮ್ ಎಂದು ಮೂವರ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು. ಉಳಿದಿಬ್ಬರಿಗೆ ಪದ್ಮಶ್ರೀ ಬಂತು, ಬಲರಾಮರಿಗೆ ಬರಲಿಲ್ಲ. ಆ ನೋವನ್ನು ಅವರು ಬಚ್ಚಿಡಲಿಲ್ಲ. ಮದುವೆಯಾಗದೆ ಹೂಗ್ಲಿ ದಂಡೆಯ ಉತ್ತರಪಾಡಾದಲ್ಲಿ ಬಾಳಿ, 2023ರ ಫೆಬ್ರವರಿ 16ರಂದು ತೀರಿಕೊಂಡರು.

ಬಲರಾಮರ ಜೀವನ ಒಂದು ಸತ್ಯವನ್ನು ಎತ್ತಿ ತೋರಿಸುತ್ತದೆ. ಆಟಗಾರನ ದೇಹ ಯಾವಾಗ ಕೈಕೊಡುತ್ತದೋ ಹೇಳಬರುವುದಿಲ್ಲ. ಕೈಕೊಟ್ಟ ದಿನ ಕ್ಲಬ್ಬಿಗೂ ಅವನಿಗೂ ಲೆಕ್ಕ ಚುಕ್ತಾ. ಆಮೇಲೆ ಉಳಿಯುವುದು ನೌಕರಿಯೇ. ಹಬೀಬ್ ಒಲ್ಲೆ ಎಂದದ್ದು ಇದನ್ನು.

ದುಡ್ಡು ಪಡೆಯುವುದು ಪಾಪವಾಗಿದ್ದ ಕಾಲ

ನಮ್ಮಲ್ಲಿ ಇಪ್ಪತ್ತನೆಯ ಶತಮಾನದ ಕೊನೆಯವರೆಗೆ ನಡೆದ ಈ ನಾಟಕವನ್ನು ಬ್ರಿಟನ್ ನೂರು ವರ್ಷ ಮೊದಲೇ ಆಡಿ ಮುಗಿಸಿತ್ತು. ಗ್ಲಾಸ್ಗೋದ ಫರ್ಗಸ್ ಸೂಟರ್ ಎಂಬ ಕಲ್ಲುಕುಟಿಗ 1878ರಲ್ಲಿ ಸ್ಕಾಟ್ಲೆಂಡ್ ಬಿಟ್ಟು ಇಂಗ್ಲೆಂಡಿನ ಲ್ಯಾಂಕಶೈರಿನ ಡಾರ್ವೆನ್ ಎಂಬ ಗಿರಣಿಯೂರಿಗೆ ಬಂದ. ಬಂದದ್ದು ಕಲ್ಲಿನ ಕೆಲಸಕ್ಕೆ ಎಂದು ಹೆಸರು. ಸ್ವಲ್ಪ ದಿನದಲ್ಲೇ ಇಂಗ್ಲೆಂಡಿನ ಕಲ್ಲು ಬಹಳ ಗಟ್ಟಿ ಎಂದು ಉಳಿ ಕೆಳಗಿಟ್ಟ ಎಂದು ಕತೆ. ಆಮೇಲೆ ಅವನು ಮಾಡಿದ್ದು ಫುಟ್‌ಬಾಲ್ ಮಾತ್ರ. ಅವನ ಖರ್ಚು ಹೇಗೆ ನಡೆಯುತ್ತಿತ್ತು ಎಂಬುದು ಊರಿಗೆಲ್ಲ ಗೊತ್ತು, ಯಾರೂ ಬಾಯಿಬಿಡುವಂತಿಲ್ಲ. ಏಕೆಂದರೆ ಆಟಕ್ಕೆ ದುಡ್ಡು ತೆಗೆದುಕೊಳ್ಳುವುದು ನಿಯಮಕ್ಕೆ ವಿರುದ್ಧ. ಸೂಟರ್ ಮುಂದೆ ಬ್ಲ್ಯಾಕ್‌ಬರ್ನ್ ರೋವರ್ಸ್ ಸೇರಿ 1884, 85, 86ರಲ್ಲಿ ಎಫ್‌ಎ ಕಪ್ ಗೆದ್ದ. ಇಂಥ ಸ್ಕಾಟರ ಗುಂಪೇ ಇಂಗ್ಲೆಂಡಿಗೆ ಬಂದಿತ್ತು. ಪಾಸಿನ ಆಟ ಕಲಿಸಿದರೆಂದು ಅವರನ್ನು ಸ್ಕಾಚ್ ಪ್ರೊಫೆಸರುಗಳು ಎಂದು ಕರೆದರು. ಕೊನೆಗೆ 1885ರಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಸೋಲೊಪ್ಪಿಕೊಂಡು ವೃತ್ತಿಪರತೆಯನ್ನು ಕಾನೂನುಬದ್ಧ ಮಾಡಿತು.

ಪಾಸಿನ ಆಟ ಕಲಿತ ಊರಿನಿಂದ ದುಡ್ಡಿರುವ ಊರಿಗೆ ಆಟಗಾರ ಹೋಗುವುದು, ದುಡ್ಡಿನ ಮಾತನ್ನು ಎಲ್ಲರೂ ನುಂಗಿಕೊಳ್ಳುವುದು: ಸೂಟರನ ಕತೆಯಲ್ಲಿ ಗ್ಲಾಸ್ಗೋ ಅಳಿಸಿ ಹೈದರಾಬಾದ್ ಬರೆದರೆ ಬಹಳ ತಿದ್ದಬೇಕಾಗಿಲ್ಲ. ಇಂಗ್ಲೆಂಡಿನಲ್ಲಿ ಆ ಗುಟ್ಟು ಏಳು ವರ್ಷದಲ್ಲಿ ಬಯಲಾಗಿ ಕರಾರು ಬಂತು. ಕರಾರು ಬಂದ ಮೇಲೆ ಆಟಗಾರನಿಗೆ ಕೇಳುವ ಹಕ್ಕು ಬಂತು. ಭಾರತದಲ್ಲಿ ಅದಕ್ಕೆ ಬಹಳ ಕಾಲ ಹಿಡಿಯಿತು. ದೇಶಮಟ್ಟದ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಶುರುವಾದದ್ದೇ 1996ರಲ್ಲಿ.

ಅಲ್ಲಿಯವರೆಗೆ ನಡೆದದ್ದು ಕೋಲ್ಕತ್ತದ ಪದ್ಧತಿ. ವರ್ಷಕ್ಕೊಮ್ಮೆ ಆಟಗಾರರು ಕ್ಲಬ್ ಬದಲಿಸಲು ಕೆಲವು ದಿನಗಳ ಅವಕಾಶ. ಬಂಗಾಳಿಗಳು ಅದನ್ನು ದೊಲ್-ಬದೊಲ್ ಎನ್ನುತ್ತಾರೆ, ತಂಡ ಬದಲಾವಣೆ. ಆಟಗಾರ ತಾನೇ ಹೋಗಿ ಐಎಫ್‌ಎ ಕಚೇರಿಯಲ್ಲಿ ಸಹಿ ಹಾಕಬೇಕು. ಹಾಗಾಗಿ ಕ್ಲಬ್ಬಿನವರು ತಮಗೆ ಬೇಕಾದವನನ್ನು ಸಹಿಯ ದಿನದವರೆಗೆ ಎಲ್ಲೋ ಬಚ್ಚಿಡುವುದು, ಎದುರಾಳಿ ಕ್ಲಬ್ಬಿನವರು ಹುಡುಕಿಕೊಂಡು ಹೋಗುವುದು ಮಾಮೂಲು. ಪತ್ರಿಕೆಗಳಿಗೆ ಹಬ್ಬ. ದುಡ್ಡು ಒಪ್ಪಿಕೊಂಡದ್ದು ಬಾಯಿಮಾತಿನಲ್ಲಿ, ಕೈಗೆ ಬರುವುದು ಕಂತಿನಲ್ಲಿ. ಬರದಿದ್ದರೆ ಕೇಳಲು ಕಾಗದವಿಲ್ಲ. ಆದ್ದರಿಂದಲೇ ಹೆಚ್ಚಿನವರು ಕ್ಲಬ್ಬಿನ ದುಡ್ಡನ್ನು ಮೇಲಿನ ಆದಾಯವೆಂದು ಎಣಿಸಿ, ನೌಕರಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಮೂರು ಅಂಗಿಗಳು

1965-66ರ ಸಂತೋಷ್ ಟ್ರೋಫಿಯನ್ನು ಆಂಧ್ರಪ್ರದೇಶ ಗೆದ್ದಿತು. ಫೈನಲ್ಲಿನಲ್ಲಿ ಸೋತದ್ದು ಬಂಗಾಳ. ಗೆದ್ದ ತಂಡದಲ್ಲಿ ಮೀಸೆ ಚಿಗುರದ ಹಬೀಬನಿದ್ದ. ಸೋತವರು ಗೆದ್ದವರ ಆಟಗಾರನನ್ನು ಕೊಂಡೊಯ್ಯುವುದು ಕೋಲ್ಕತ್ತದ ಹಳೆಯ ರೂಢಿ. 1966ರಲ್ಲಿ ಆತ ಈಸ್ಟ್ ಬೆಂಗಾಲ್ ಸೇರಿದ. ವಯಸ್ಸು ಹದಿನೇಳು.

ನೋಡಲು ದೊಡ್ಡ ಆಳಲ್ಲ. ಕೆಲವೊಮ್ಮೆ ಮುಂಪಡೆಯಲ್ಲಿ ಆಡಿದರೂ ಅವನ ನಿಜವಾದ ಜಾಗ ಮೈದಾನದ ನಡುಭಾಗ, ದಾಳಿ ಕಟ್ಟುವ ಮಿಡ್‌ಫೀಲ್ಡರನದು. ತಮ್ಮ ಗೋಲಿನ ಮುಂದೆ ಚೆಂಡು ಕಸಿದು, ನಡುವಿನಲ್ಲಿ ಹಂಚಿ, ಎದುರಾಳಿಯ ಗೋಲಿನ ಮುಂದೆ ಮತ್ತೆ ಹಾಜರಾಗುವವನು. ತೊಂಬತ್ತು ನಿಮಿಷ ಓಡುವ ದಮ್ಮು. ಯಾರಿಗೂ ಬಗ್ಗದ ಜಗಳಗಂಟ ಛಲ. ಇದಕ್ಕೆ ರಹೀಮ್ ಸಾಹೇಬರ ಊರಿನ ಪಾಸು ಸೇರಿತ್ತು. ಕೋಲ್ಕತ್ತದವರು ಅವನನ್ನು ಬಡೇ ಮಿಯಾ ಎಂದರು. ತಮ್ಮ ಅಕ್ಬರ್ ಬಂದ ಮೇಲೆ ಅವನು ಛೋಟೇ ಮಿಯಾ ಆದ.

1968ರಲ್ಲಿ ಹಬೀಬ್ ಮೋಹನ್ ಬಗಾನಿಗೆ ಹೋದ. 1969ರಲ್ಲಿ ಅಸ್ಸಾಮಿನ ನೌಗಾಂವಿನಲ್ಲಿ ಬಂಗಾಳ ಸಂತೋಷ್ ಟ್ರೋಫಿ ಗೆದ್ದಾಗ 11 ಗೋಲು ಹೊಡೆದು ಪಂದ್ಯಾವಳಿಯಲ್ಲೇ ಹೆಚ್ಚು ಗೋಲು ಗಳಿಸಿದವನಾದ. ನಾಲ್ಕು ವರ್ಷದ ಹಿಂದೆ ಯಾರನ್ನು ಸೋಲಿಸಿದ್ದನೋ ಈಗ ಅವರದೇ ಅಂಗಿಯಲ್ಲಿದ್ದ.

1970ರಲ್ಲಿ ಈಸ್ಟ್ ಬೆಂಗಾಲಿಗೆ ವಾಪಸ್. ಅಲ್ಲಿ ಕಳೆದ ಮುಂದಿನ ಐದು ವರ್ಷ ಅವನ ಏರುಗಾಲ. 1970ರಿಂದ 1975ರವರೆಗೆ ಆ ಕ್ಲಬ್ಬು ಸತತ ಆರು ವರ್ಷ ಕಲ್ಕತ್ತಾ ಲೀಗ್ ಗೆದ್ದಿತು. ಅದರಲ್ಲಿ ಐದರಲ್ಲಿ ಹಬೀಬನಿದ್ದ. 1970ರ ಐಎಫ್‌ಎ ಶೀಲ್ಡ್ ಫೈನಲ್ಲಿನಲ್ಲಿ ಇರಾನಿನ ಪಾಸ್ ತೆಹ್ರಾನ್ ತಂಡವನ್ನು 1-0ಯಿಂದ ಸೋಲಿಸಿದರು. 1972ರಲ್ಲಿ ಲೀಗಿನಲ್ಲಿ ಒಂದು ಗೋಲನ್ನೂ ಬಿಟ್ಟುಕೊಡಲಿಲ್ಲ. ಶೀಲ್ಡ್, ಡ್ಯುರಾಂಡ್, ರೋವರ್ಸ್ ಮೂರೂ ಬಂದವು, ರೋವರ್ಸ್ ಮಾತ್ರ ಮೋಹನ್ ಬಗಾನ್ ಜೊತೆ ಜಂಟಿಯಾಗಿ. 1973ರ ಶೀಲ್ಡಿನಲ್ಲಿ ಉತ್ತರ ಕೊರಿಯಾದ ಪ್ಯಾಂಗ್ಯಾಂಗ್ ತಂಡ 3-1ರಿಂದ ಸೋತಿತು. ಪೂರ್ವ ಬಂಗಾಳದಿಂದ ನೆಲೆ ಕಳೆದುಕೊಂಡು ಬಂದ ಲಕ್ಷಾಂತರ ಕುಟುಂಬಗಳಿಗೆ ಈಸ್ಟ್ ಬೆಂಗಾಲ್ ಬರಿಯ ಕ್ಲಬ್ಬಾಗಿರಲಿಲ್ಲ. 1971ರಲ್ಲಿ ಬಾಂಗ್ಲಾದೇಶದ ಯುದ್ಧ ನಡೆದು ನಿರಾಶ್ರಿತರು ಮತ್ತೆ ಬಂದು ತುಂಬಿದ ಆ ನಗರದಲ್ಲಿ, ಅವರ ಅಭಿಮಾನದ ಭಾರ ಹೊತ್ತವರಲ್ಲಿ ಉರ್ದು ಮಾತಾಡುವ ಹೈದರಾಬಾದಿ ಹುಡುಗನೂ ಒಬ್ಬ.

ಇಂಥ ಕ್ಲಬ್ಬನ್ನು ಬಿಟ್ಟು ಆತ 1975ರಲ್ಲಿ ಮೊಹಮ್ಮಡನ್ ಸ್ಪೋರ್ಟಿಂಗಿಗೆ ಹೋದ. ನೌಕರಿ ಇದ್ದವನಾದರೆ ಹೀಗೆ ಹಾರಾಡಬೇಕಾಗಿರಲಿಲ್ಲ. ಆಟವೇ ಅನ್ನವಾದವನು ತನ್ನ ಬೆಲೆಯನ್ನು ಪ್ರತಿವರ್ಷ ಹೊಸದಾಗಿ ಕೇಳಬೇಕು. ಕೇಳಿದಾಗೆಲ್ಲ ಹಳೆಯ ಅಭಿಮಾನಿ ದ್ರೋಹಿ ಎನ್ನುತ್ತಾನೆ. ಹಬೀಬ್ ಹೋದ ವರ್ಷವೇ ಈಸ್ಟ್ ಬೆಂಗಾಲ್ ಶೀಲ್ಡ್ ಫೈನಲ್ಲಿನಲ್ಲಿ ಮೋಹನ್ ಬಗಾನನ್ನು 5-0ಯಿಂದ ಬಡಿಯಿತು. ಆ ದಿನದ ಹಿಗ್ಗಿನಲ್ಲಿ ಅವನಿಗೆ ಪಾಲಿರಲಿಲ್ಲ.

ಮರುವರ್ಷ ಪಿ.ಕೆ. ಬ್ಯಾನರ್ಜಿ ಈಸ್ಟ್ ಬೆಂಗಾಲ್ ತರಬೇತುದಾರ ಹುದ್ದೆ ಬಿಟ್ಟು, ಆ 5-0ಯಿಂದ ತತ್ತರಿಸಿದ್ದ ಮೋಹನ್ ಬಗಾನನ್ನು ಕಟ್ಟಲು ಹೋದರು. ಹಬೀಬ್, ಅಕ್ಬರ್ ಇಬ್ಬರೂ ಅಲ್ಲಿ ಸೇರಿದರು. 1976ರ ಜುಲೈ 24ರ ಲೀಗ್ ಪಂದ್ಯದಲ್ಲಿ ಆಟ ಶುರುವಾಗಿ 17ನೆಯ ಸೆಕೆಂಡಿಗೆ ಬೆಂಗಳೂರಿನ ಉಲಗನಾಥನ್ ಬದಿಯಿಂದ ತೂರಿದ ಚೆಂಡನ್ನು ಅಕ್ಬರ್ ಈಸ್ಟ್ ಬೆಂಗಾಲಿನ ಬಲೆಗೆ ಸೇರಿಸಿದ. ಜನ ಸರಿಯಾಗಿ ಕೂತಿರಲೂ ಇಲ್ಲ. ಆ ಒಂದೇ ಗೋಲಿಗೆ ಪಂದ್ಯ ಮುಗಿಯಿತು. ಆರು ವರ್ಷದ ಈಸ್ಟ್ ಬೆಂಗಾಲ್ ಸರಪಳಿ ಆ ಋತುವಿನಲ್ಲಿ ಕಡಿಯಿತು. ಗೋಲಿನ ದಾರಿ ನೋಡಿ: ಬೆಂಗಳೂರಿನವನ ಕಾಲಿನಿಂದ ಹೈದರಾಬಾದಿನವನಿಗೆ.

1977ರಲ್ಲಿ ಲೀಗ್ ಮತ್ತೆ ಈಸ್ಟ್ ಬೆಂಗಾಲ್ ಪಾಲಾಯಿತು. ಮೋಹನ್ ಬಗಾನ್ ಬೆಂಬಲಿಗರು ಕುದಿಯುತ್ತಿದ್ದರು. ಆ ಹೊತ್ತಿನಲ್ಲಿ ಬಂದದ್ದು ಕಾಸ್ಮೋಸ್ ಪಂದ್ಯ. ಪೆಲೆ ಎದುರು 2-2 ಮಾಡಿಕೊಂಡ ಕೆಲವೇ ದಿನಗಳಲ್ಲಿ ಅದೇ ತಂಡ ಶೀಲ್ಡ್ ಫೈನಲ್ಲಿನಲ್ಲಿ ಈಸ್ಟ್ ಬೆಂಗಾಲನ್ನು ಸೋಲಿಸಿತು. ಆಮೇಲೆ ರೋವರ್ಸ್, ಡ್ಯುರಾಂಡ್ ಎರಡನ್ನೂ ತಂದಿತು. ಐದು ವರ್ಷದ ಹಿಂದೆ ಈಸ್ಟ್ ಬೆಂಗಾಲ್ ಅಂಗಿಯಲ್ಲಿ ಕಂಡಿದ್ದ ತ್ರಿವಳಿ ಕಿರೀಟವನ್ನು ಹಬೀಬ್ ಈಗ ಎದುರಾಳಿಯ ಅಂಗಿಯಲ್ಲೂ ಕಂಡ.

ಅಲ್ಲಿಂದ ಇಳಿಗಾಲ. 1979ರಲ್ಲಿ ಮತ್ತೆ ಮೊಹಮ್ಮಡನ್ ಸ್ಪೋರ್ಟಿಂಗ್. 1980ರಲ್ಲಿ ಈಸ್ಟ್ ಬೆಂಗಾಲಿನ ಆಟಗಾರರ ಗುಂಪೇ ಕ್ಲಬ್ ಬಿಟ್ಟು ಹೋದಾಗ, ಬರಿದಾದ ತಂಡಕ್ಕೆ ಮೂವತ್ತು ದಾಟಿದ ಹಬೀಬ್ ಮರಳಿ ಬಂದ. ಇರಾನಿನ ಮಜೀದ್ ಬಿಷ್ಕರ್, ಜಮ್ಷಿದ್ ನಾಸಿರಿ ಅದೇ ವರ್ಷ ಬಂದರು. ಇಲ್ಲದ ತಂಡವನ್ನು ಕಟ್ಟಿಕೊಂಡು ಫೆಡರೇಷನ್ ಕಪ್ಪನ್ನು ಮೋಹನ್ ಬಗಾನ್ ಜೊತೆ ಹಂಚಿಕೊಂಡರು. ಅದೇ ವರ್ಷದ ಆಗಸ್ಟ್ 16ರಂದು ಈಡನ್ ಗಾರ್ಡನ್ಸ್‌ನಲ್ಲಿ ಈ ಎರಡು ಕ್ಲಬ್ಬುಗಳ ಪಂದ್ಯದ ವೇಳೆ ಗ್ಯಾಲರಿಯಲ್ಲಿ ಗಲಭೆಯಾಗಿ 16 ಜನ ಸತ್ತರು. ಅರ್ಜುನ ಪ್ರಶಸ್ತಿ ಹಬೀಬನಿಗೆ ಬಂದದ್ದೂ ಆ ವರ್ಷವೇ. 1982ರಲ್ಲಿ ಮತ್ತೆ ಮೋಹನ್ ಬಗಾನ್ ಸೇರಿ, ಅಲ್ಲೇ ಆಟ ಮುಗಿಸಿದ.

ದೇಶದ ಅಂಗಿ

ಕ್ಲಬ್ಬಿನ ಆಟದಲ್ಲಿ ಏರುಪೇರು ಸಹಜ. ದೇಶದ ಪರವಾಗಿ ಆಡುವುದರಲ್ಲಿ ಅವನ ಕಾಲವೇ ಅವನಿಗೆ ಮೋಸ ಮಾಡಿತು. 1948ರಿಂದ 1960ರವರೆಗಿನ ನಾಲ್ಕೂ ಒಲಿಂಪಿಕ್ಸ್‌ಗಳಲ್ಲಿ ಭಾರತ ಫುಟ್‌ಬಾಲ್ ಆಡಿತ್ತು. 1960ರ ನಂತರ ಒಮ್ಮೆಯೂ ಅರ್ಹತೆ ಪಡೆಯಲಿಲ್ಲ. ಹಬೀಬ್ ಭಾರತದ ಪರ ಮೊದಲು ಆಡಿದ್ದು 1967ರಲ್ಲಿ, ಕ್ವಾಲಾಲಂಪುರದ ಮರ್ಡೇಕಾ ಪಂದ್ಯಾವಳಿಯಲ್ಲಿ. ಅವನಿಗಿಂತ ಹದಿಮೂರು ವರ್ಷ ದೊಡ್ಡವರಾದ ಬಲರಾಮ್ ಎರಡು ಒಲಿಂಪಿಕ್ಸ್ ಕಂಡಿದ್ದರು. ಹಬೀಬನಿಗೆ ಒಂದೂ ದಕ್ಕಲಿಲ್ಲ.

ದಕ್ಕಿದ್ದು 1970ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟ. ತಂಡದ ನಾಯಕ ಸಯ್ಯದ್ ನಯೀಮುದ್ದೀನ್, ಅವನೂ ಹೈದರಾಬಾದಿನವನೇ. ಮೂರನೆಯ ಸ್ಥಾನದ ಪಂದ್ಯದಲ್ಲಿ ಜಪಾನನ್ನು 1-0ಯಿಂದ ಸೋಲಿಸಿ ಭಾರತ ಕಂಚು ಪಡೆಯಿತು. ಎದುರಿಗಿದ್ದ ಜಪಾನ್ ಎರಡು ವರ್ಷದ ಹಿಂದಷ್ಟೇ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ದೇಶ. ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲಿನಲ್ಲಿ ಭಾರತಕ್ಕೆ ಆಮೇಲೆ ಪದಕವೇ ಬಂದಿಲ್ಲ. 1971ರಲ್ಲಿ ಸಿಂಗಾಪುರದ ಪೆಸ್ತಾ ಸುಕನ್ ಕಪ್ಪನ್ನು ದಕ್ಷಿಣ ವಿಯೆಟ್ನಾಂ ಜೊತೆ ಹಂಚಿಕೊಂಡ ತಂಡದಲ್ಲೂ ಹಬೀಬನಿದ್ದ. ಅವನ ಮೇಲೇರುವ ಕಾಲಕ್ಕೆ ಸರಿಯಾಗಿ ದೇಶದ ಫುಟ್‌ಬಾಲ್ ಕೆಳಗಿಳಿಯುತ್ತಿತ್ತು.

ಜಪಾನ್ ಆ ಸೋಲಿನ ನಂತರ ಏನು ಮಾಡಿತು ಎಂಬುದು ಗಮನಿಸಬೇಕಾದ ಸಂಗತಿ. ಅಲ್ಲೂ ಆಟ ಕಂಪೆನಿಗಳ ಆಟವಾಗಿತ್ತು, ಆಟಗಾರರು ಕಂಪೆನಿಯ ನೌಕರರು. 1993ರಲ್ಲಿ ಅವರು ಜೆ ಲೀಗ್ ಎಂಬ ವೃತ್ತಿಪರ ಲೀಗ್ ಶುರುಮಾಡಿದರು. 1998ರಲ್ಲಿ ಮೊದಲ ಸಲ ವಿಶ್ವಕಪ್ ಆಡಿದರು. ಆಮೇಲೆ ಒಂದೂ ವಿಶ್ವಕಪ್ ತಪ್ಪಿಸಿಕೊಂಡಿಲ್ಲ. ನಮ್ಮಲ್ಲಿ ಒಬ್ಬ ಆಟಗಾರ ಅದಕ್ಕೂ ಎರಡು ದಶಕ ಮೊದಲೇ ವೃತ್ತಿಪರನಾಗಿ ಬದುಕಿ ತೋರಿಸಿದ್ದ. ಅವನ ಹಿಂದೆ ಬರಬೇಕಾದ ವ್ಯವಸ್ಥೆ ಬರಲಿಲ್ಲ.

ಆಟ ಮುಗಿದ ಮೇಲೆ

ಬೂಟು ಬಿಚ್ಚಿದ ಮೇಲೆ ಹಬೀಬ್ ಕಲಿಸುವ ಕೆಲಸಕ್ಕೆ ಇಳಿದ. ಜಮ್‌ಷೆಡ್‌ಪುರದಲ್ಲಿ 1987ರಲ್ಲಿ ಶುರುವಾದ ಟಾಟಾ ಫುಟ್‌ಬಾಲ್ ಅಕಾಡೆಮಿಯಲ್ಲಿ ತರಬೇತುದಾರನಾಗಿದ್ದ. ಮುಂದೆ ಹಲ್ದಿಯಾದ ಅಕಾಡೆಮಿಯ ಮುಖ್ಯ ತರಬೇತುದಾರನಾದ. ಟಾಟಾ ಅಕಾಡೆಮಿಯಿಂದ ಬಂದ ಹುಡುಗರು 90ರ ದಶಕದ ಭಾರತ ತಂಡವನ್ನು ತುಂಬಿದರು. ಆಟವೊಂದನ್ನೇ ಕಸುಬು ಮಾಡಿಕೊಳ್ಳಬಹುದು ಎಂಬ ನಂಬಿಕೆಯಲ್ಲೇ ಬೆಳೆದ ಮೊದಲ ಪೀಳಿಗೆ ಅದು.

ಆಮೇಲೆ ಹೈದರಾಬಾದಿಗೆ ಮರಳಿದ. ಪಾರ್ಕಿನ್ಸನ್ ಕಾಯಿಲೆ ಬಂತು, ಮರೆವು ಆವರಿಸಿತು. ಇದು ಅವನೊಬ್ಬನ ಪಾಡಲ್ಲ. ಅದೇ ಊರಿನ, 1962ರ ಜಕಾರ್ತಾ ಚಿನ್ನದ ತಂಡದಲ್ಲಿದ್ದ ಯೂಸುಫ್ ಖಾನ್ ಕೂಡ ಪಾರ್ಕಿನ್ಸನ್‌ನಿಂದ ನರಳಿ 2006ರಲ್ಲಿ ತೀರಿಕೊಂಡ. ಬೆಂಗಳೂರಿನ ಮೈದಾನಗಳಲ್ಲಿ ಬೆಳೆದು, ಏಷ್ಯಾದ ಪೆಲೆ ಎನಿಸಿಕೊಂಡು, ಕೋಲ್ಕತ್ತದ ಕ್ಲಬ್ಬುಗಳಲ್ಲಿ ಮೆರೆದ ಪೂಂಗಮ್ ಕಣ್ಣನ್ ಅದೇ ಕೋಲ್ಕತ್ತದಲ್ಲಿ ಕಷ್ಟದ ದಿನಗಳನ್ನು ಕಂಡು 2019ರಲ್ಲಿ ಸತ್ತ. ನೌಕರಿ ಹಿಡಿದವರು, ಬಿಟ್ಟವರು ಎಂಬ ಭೇದವನ್ನು ಕಾಯಿಲೆ ಮಾಡಲಿಲ್ಲ. ಆದರೆ ಆಟಗಾರನ ಮುಪ್ಪಿಗೆ ಹೊಣೆ ಯಾರು ಎಂಬ ಪ್ರಶ್ನೆಗೆ ಉತ್ತರ ಇರಲಿಲ್ಲ. ಹವ್ಯಾಸಿ ಎಂದು ಕರೆದವನಿಗೆ ಕ್ಲಬ್ಬು ಹೇಗೆ ಪಿಂಚಣಿ ಕೊಟ್ಟೀತು?

2023ರ ಆಗಸ್ಟ್ 15ರಂದು ಹಬೀಬ್ ಹೈದರಾಬಾದಿನಲ್ಲಿ ತೀರಿಕೊಂಡ. 74 ವರ್ಷ. ಅವನಿಗಾಗಿ ಹೆಚ್ಚು ಮರುಗಿದ್ದು ಕೋಲ್ಕತ್ತ. ಮೂರು ಕ್ಲಬ್ಬುಗಳ ಜನರೂ ಅವನನ್ನು ತಮ್ಮವನೆಂದರು. ಒಂದು ಕಾಲಕ್ಕೆ ದ್ರೋಹಿ ಎಂದು ಕೂಗಿದ್ದ ಗ್ಯಾಲರಿಗಳಿಗೆ, ಅವನು ಯಾವ ಅಂಗಿ ತೊಟ್ಟರೂ ಅದಕ್ಕಾಗಿ ಪೂರ್ತಿ ಬೆವರು ಸುರಿಸಿದ್ದು ಗೊತ್ತಿತ್ತು.

ಕರಾರು ಬಂದ ಮೇಲೆ

ಈಗ ಕರಾರು ಇದೆ. 2019ರಲ್ಲಿ ಹೈದರಾಬಾದ್ ಎಫ್‌ಸಿ ಎಂಬ ಕ್ಲಬ್ಬು ಹುಟ್ಟಿ ಇಂಡಿಯನ್ ಸೂಪರ್ ಲೀಗ್ ಸೇರಿತು. 2022ರ ಮಾರ್ಚ್ 20ರಂದು ಗೋವಾದ ಫತೋರ್ಡಾದಲ್ಲಿ ಕೇರಳ ಬ್ಲಾಸ್ಟರ್ಸ್ ತಂಡವನ್ನು ಪೆನಾಲ್ಟಿಯಲ್ಲಿ ಸೋಲಿಸಿ ಲೀಗಿನ ಚಾಂಪಿಯನ್ ಆಯಿತು. ಗೋಲ್‌ಕೀಪರ್ ಲಕ್ಷ್ಮೀಕಾಂತ ಕಟ್ಟಿಮನಿ ಮೂರು ಪೆನಾಲ್ಟಿ ತಡೆದ. ಎಷ್ಟೋ ದಶಕಗಳ ನಂತರ ದೇಶದ ಫುಟ್‌ಬಾಲಿನ ತುದಿಯಲ್ಲಿ ಹೈದರಾಬಾದ್ ಹೆಸರು ಬಂತು. ಎರಡು ವರ್ಷ ಕಳೆಯುವುದರೊಳಗೆ ಆಟಗಾರರ ಸಂಬಳ ಬಾಕಿ ಬಿತ್ತು. ಹೊಸಬರನ್ನು ಸೇರಿಸಿಕೊಳ್ಳಲು ಫಿಫಾ ನಿಷೇಧ ಹೇರಿತು. ವಿದೇಶಿ ಆಟಗಾರರು ಒಬ್ಬೊಬ್ಬರಾಗಿ ಹೊರಟುಹೋದರು. 2025ರಲ್ಲಿ ಕ್ಲಬ್ಬು ಊರನ್ನೇ ಬಿಟ್ಟು ದೆಹಲಿಗೆ ಹೋಗಿ ಹೆಸರು ಬದಲಿಸಿಕೊಂಡಿತು.

ಹಬೀಬನ ಕಾಲದಲ್ಲಿ ಕ್ಲಬ್ಬು ನಿಂತಲ್ಲೇ ಇರುತ್ತಿತ್ತು, ಆಟಗಾರ ಊರು ಬಿಡುತ್ತಿದ್ದ. ಈಗ ಕ್ಲಬ್ಬೇ ಊರು ಬಿಟ್ಟಿತು. ಅಂದು ಬಾಯಿಮಾತಿನ ದುಡ್ಡು, ಇಂದು ಸಹಿ ಹಾಕಿದ ಕರಾರು. ವ್ಯತ್ಯಾಸ ಸಣ್ಣದಲ್ಲ. ಸಂಬಳ ಬರದ ಆಟಗಾರ ಇಂದು ಬಾಕಿ ಕೇಳಬಹುದು, ಕ್ಲಬ್ಬಿನ ಮೇಲೆ ನಿಷೇಧ ತರಿಸಬಹುದು. ಹಬೀಬನಿಗೆ ಇದ್ದ ಒಂದೇ ದಾರಿ ಮರುವರ್ಷ ಬೇರೆ ಅಂಗಿ ತೊಡುವುದು. ಆತ ಅದನ್ನು ಮಾಡಿದ, ಮತ್ತೆ ಮತ್ತೆ ಮಾಡಿದ. ಸುಮಾರು ಹದಿನೆಂಟು ವರ್ಷ ಮೂರು ಕ್ಲಬ್ಬುಗಳ ನಡುವೆ ಹೀಗೆ ಓಡಾಡಿದ್ದು ನಿಷ್ಠೆ ಇಲ್ಲದ್ದರಿಂದ ಎಂದು ಆಗ ಅನೇಕರು ತಿಳಿದರು. ಆಟಕ್ಕೆ ಬೆಲೆ ಇದೆ, ಅದನ್ನು ಬಹಿರಂಗವಾಗಿ ಕೇಳಬಹುದು ಎಂದು ಒಬ್ಬ ಮಿಡ್‌ಫೀಲ್ಡರ್ ತನ್ನ ಕಾಲುಗಳಿಂದಲೇ ಹೇಳುತ್ತಿದ್ದ ಎಂಬುದು ಅರ್ಥವಾಗಲು ದೇಶಕ್ಕೆ ಹೆಚ್ಚು ಕಾಲ ಬೇಕಾಯಿತು.